ತೊಳೆದ ರಕ್ತ

ಕಿಡ್ನಿ ಕೈಕೊಟ್ಟವರಿಗೆ ಮನೆಯವರು ದಿನಾ ಸಂಜೆ ಎರಡು ತಾಸು ತಮ್ಮ ಕಿಡ್ನಿ ಎರವಲು ಕೊಡುವುದು ಆ ಊರಿನಲ್ಲಿ ಹಾಲಿಗೆ ಹೆಪ್ಪು ಹಾಕಿದಷ್ಟೇ ಮಾಮೂಲಿ. ಹೀಗೆ ಇಬ್ಬರನ್ನು ನಳಿಗೆಯಿಂದ ಜೋಡಿಸಲೆಂದೇ ಇದ್ದ ಓಣಿಯ ಜೋಡಿಮನೆಯಲ್ಲಿ ಯಮನಪ್ಪನೂ ಹೆಂಡತಿ ನೀಲವ್ವನೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಅವನ ತೋಳಿನ ರಕ್ತ ನಳಿಗೆಯಲ್ಲಿ ಅವಳೊಳಗೆ ಹೋಗಿ, ತೊಳೆದುಕೊಂಡು, ಇನ್ನೊಂದು ನಳಿಗೆಯಲ್ಲಿ ಮರಳುತ್ತಿತ್ತು. ನೀಲವ್ವ ನಳಿಗೆಯಿಲ್ಲದ ಕೈಯಿಂದ ಮೆಂತ್ಯಸೊಪ್ಪು ಸೋಸುತ್ತಿದ್ದಳು.

ನರ್ಸ್ ಮುಮ್ತಾಜ್ ತಪಾಸಣೆಯ ಚೀಟಿ ಹಿಡಿದು ಬಂದಳು. "ಯಮನಪ್ಪಣ್ಣ, ಸಕ್ಕರಿ ಗುಳಿಗಿ, ಬಿಪಿ ಗುಳಿಗಿ ದಿನಾ ತಗೋತೀರಿ ಹೌದಿಲ್ಲೋ?"

"ಇಲ್ಲಿ ಬರಾಕ ಹತ್ತಿದ ಮ್ಯಾಲ ಬಿಟ್ಟೀನಿ," ಎಂದು ಯಮನಪ್ಪ ಸಿಡುಕಿದ. "ತೊಳದ ರಕ್ತಕ್ಕ ಗುಳಿಗಿ ಯಾಕವಾ? ಜಿಲೇಬಿನೂ ತಿಂತೀನಿ."

"ತೊಳಿಯೋರು ಯಾರು?" ಮುಮ್ತಾಜಳ ದನಿ ಏರಿತು. "ನಿಮ್ಮ ಸಕ್ಕರಿ ಅಕ್ಕನ ಕಿಡ್ನಿ ಜರಡಿ ಹರೀತು. ನಿಮ್ಮ ಬಿಪಿ ಆ ತೂತು ದೊಡ್ಡದು ಮಾಡ್ತು. ಅಕ್ಕನ ಮೂತ್ರದಾಗ ನೊರಿ ಬರಾಕ ಹತ್ತಿ ನಾಲ್ಕು ತಿಂಗಳಾಗೇತಿ. ನಾಳಿಂದ ಅಕ್ಕನ್ನ ಜೋಡ್ಸೂದಿಲ್ಲ."

ಯಮನಪ್ಪ ಹೆಂಡತಿಯ ಮುಖ ನೋಡಿದ. ಕಣ್ಣಿನ ಕೆಳಗೆ ಬಾವು ಇತ್ತು. ಅದು ನಿದ್ದೆಗೆಟ್ಟದ್ದು ಅಂದುಕೊಂಡಿದ್ದ.

"ಯಾಕ ಹೇಳಲಿಲ್ಲ, ಹುಚ್ಚಿ?"

"ಹೇಳಿದ್ರ ನೀವು ಬರೂದು ಬಿಡ್ತಿದ್ರಿ. ನಿಮಗ ಕೂಡೂ ರಕ್ತ ಬ್ಯಾರೆ ಯಾರದೈತಿ?"

ಅವನು ನಳಿಗೆ ಕಿತ್ತೆಸೆಯಲು ಕೈ ಹಾಕಿದ. ನೀಲವ್ವ ಸೊಪ್ಪು ಬಿಟ್ಟು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಇವತ್ತಿಂದು ಇನ್ನೂ ಅರ್ಧ ತಾಸು ಐತಿ. ಸುಮ್ನ ಕುಂದರ್ರಿ."