ಸೋದರಮಾವನ ತೊಡೆ

"ರಕ್ತದ ಗ್ರೂಪ್ ಬೇರೆಯಾದರೂ ಪರವಾಗಿಲ್ಲ. ಇಷ್ಟು ಚಿಕ್ಕ ಮಗುವಿಗೆ ಮೊದಲೇ ಔಷಧಿ ಕೊಟ್ಟು ಲಿವರ್ ಕಸಿ ಮಾಡಬಹುದು," ಎಂದರು ಕಡೂರಿಗೆ ಬಂದಿದ್ದ ಬೆಂಗಳೂರಿನ ಡಾಕ್ಟರು.

ತನುಜಾ ತುಂಬು ಬಸುರಿ, ಲಿವರ್‌ನ ತುಂಡು ಕೊಡುವಂತಿರಲಿಲ್ಲ. ಗಂಡನ ಲಿವರ್‌ಗೆ ಕೊಬ್ಬು ಕಟ್ಟಿತ್ತು. ಅವಳು ತಮ್ಮ ಸಿದ್ದಲಿಂಗೇಶನ ಕಡೆ ತಿರುಗಿದಳು. ಅವನ ತೊಡೆಯ ಮೇಲೆ, ಕಣ್ಣೆಲ್ಲ ಹಳದಿಯಾದ ಅವಳ ಮಗಳು ಕೃತಿಕಾ ಕೂತಿದ್ದಳು. ಸೋದರಮಾವನಾಗಿ ಅದೇ ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಿದ ದಿನ ಅವನು ನೆಂಟರೆದುರು ಗೊಳೋ ಎಂದು ಅತ್ತಿದ್ದ: "ಗ್ರೂಪ್ ಒಂದು ಕೂಡ್ಬಂದಿದ್ರೆ ನಾನೇ ಕೊಟ್ಬಿಡ್ತಿದ್ದೆ ಕಣಕ್ಕಾ!"

"ಕೇಳಿಸ್ತೇನೋ ಸಿದ್ದು? ನಿಂದೇ ಆಗುತ್ತಂತೆ ಕಣೋ!"

ಸಿದ್ದಲಿಂಗೇಶ ತನ್ನ ಅಂಗಿ ಹಿಡಿದಿದ್ದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳನ್ನು ಎತ್ತಿ ಅಕ್ಕನ ಮಡಿಲಿಗೆ ದಾಟಿಸಿದ.

"ಬತ್ತೀನಿ ಕಣಕ್ಕಾ. ಯಗಟಿ ಬಸ್ಸಿಗೆ ಹೊತ್ತಾಯ್ತು."