ಗುಮ್ಮಟದ ಕೆಳಗೆ

ಬಿರುಕಿಗೆ ಅಡ್ಡಲಾಗಿ ಮೆತ್ತಿದ್ದ ಗಾರೆಯ ಪಟ್ಟಿ ಎರಡು ತುಂಡಾಗಿತ್ತು. ಗೋಡೆ ಜರುಗಿದರೆ ಮಾತ್ರ ಅದು ಒಡೆಯುತ್ತದೆ. ನಿನ್ನೆ ಸಂಜೆ ಫರಂಗೀಸ್ ಮುಟ್ಟಿ ನೋಡಿದಾಗ ಇಡಿಯಾಗಿಯೇ ಇತ್ತು. ಈಗ ಸೀಳಿನೊಳಗಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗಿತು.

ಒಂಬೈನೂರು ವರ್ಷಗಳ ಹಿಂದೆ ಸೆಲ್ಜೂಕ್ ದೊರೆಗಳು ಕಟ್ಟಿಸಿದ ಆ ಇಟ್ಟಿಗೆ ಗುಮ್ಮಟದಡಿ ಶುಕ್ರವಾರದ ನಮಾಜಿಗೆ ಊರೇ ಬಂದು ಕೂತಿತ್ತು. ಹೊರಗೆ ಹಿಮ ಬೀಳುತ್ತಿದ್ದುದರಿಂದ ಅಂಗಳ ಖಾಲಿ. ಕೂಗಿದರೆ ಹೊರಹೋಗಲು ಇರುವ ಒಂದೇ ಕಮಾನಿನತ್ತ ಎಲ್ಲರೂ ನುಗ್ಗುತ್ತಾರೆ. ಗುಮ್ಮಟಕ್ಕಿಂತ ಮೊದಲು ಕಾಲ್ತುಳಿತವೇ ಕೊಲ್ಲುತ್ತದೆ. ಮಸೀದಿಯ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್ ಅವಳು. ಈ ಚಳಿಗಾಲಕ್ಕೇನೂ ಭಯವಿಲ್ಲ ಎಂದು ಹೇಳಿದ್ದವಳೂ ಅವಳೇ.

ಕಂಬಗಳ ಹಿಂದಿನಿಂದ ಹೋಗಿ ಇಮಾಮರ ಕಿವಿಯಲ್ಲಿ ಹೇಳಿದಳು. ಅವರ ತುಟಿ ಬಿಳಿಚಿತು. ಆದರೂ ದನಿ ಬದಲಿಸದೆ, ಮಳೆ ಕಾಣದ ನಮ್ಮೂರಿಗೆ ದೇವರು ಹಿಮ ಕಳಿಸಿದ್ದಾನೆ, ಇವತ್ತು ಅದರಲ್ಲೇ ನಿಂತು ಪ್ರಾರ್ಥಿಸೋಣ ಎಂದರು. ಇಮಾಮರಿಗೆ ಅರಳುಮರಳು ಎಂದು ಗೊಣಗುತ್ತ ಜನ ಒಬ್ಬೊಬ್ಬರಾಗಿ ಹೊರಗೆ ನಡೆದರು.

ಅವಳ ಅಪ್ಪ ಹೆಶ್ಮತ್ ಮಾತ್ರ ಏಳಲಿಲ್ಲ. ಮಗಳ ಮುಖ ನೋಡಿಯೇ ಅವನಿಗೆ ವಿಷಯ ತಿಳಿದುಹೋಗಿತ್ತು.

"ಭೂಕಂಪ ಬಂದು ಹೋಯ್ತು, ಮಂಗೋಲರು ಬಂದು ಹೋದ್ರು, ಇದು ಅಲ್ಲಾಡ್ಲಿಲ್ಲ. ನೀನು ಕಾಲಿಟ್ಟ ಮೇಲೆ ಬೀಳುತ್ತಾ?"

ಫರಂಗೀಸ್ ಅವನ ಪಕ್ಕದಲ್ಲಿ ಕೂತುಬಿಟ್ಟಳು. "ನೀವು ಏಳೋ ತನಕ ನಾನೂ ಏಳಲ್ಲ ಅಪ್ಪಾ."

ಮೇಲಿನಿಂದ ಇಟ್ಟಿಗೆಯ ಪುಡಿ ಉದುರಿ ಅವಳ ತಲೆವಸ್ತ್ರದ ಮೇಲೆ ಬಿತ್ತು. ಇಬ್ಬರೂ ತಲೆಯೆತ್ತಲಿಲ್ಲ. ಹೆಶ್ಮತ್ ಆ ಪುಡಿಯನ್ನು ಬೆರಳಲ್ಲಿ ಒರೆಸಿ ನೋಡಿದ. ಮಂಡಿ ಒತ್ತಿಕೊಂಡು ನಿಧಾನಕ್ಕೆ ಎದ್ದ.

ಕಾವಲುಗಾರ ಕಮಾನಿಗೆ ಅಡ್ಡ ಹಗ್ಗ ಕಟ್ಟಿದಾಗ, ತಮ್ಮನ್ನು ಹೊರಗೆ ಕರೆದದ್ದೇಕೆಂದು ಜನಕ್ಕೆಲ್ಲ ಅರ್ಥವಾಯಿತು. ನಮಾಜು ಶುರುವಾಯಿತು. ಹಣೆ ಹಿಮಕ್ಕೆ ತಾಗಿಸಿದಾಗಲೆಲ್ಲ ಫರಂಗೀಸ್ ಎದುರಿನ ಗುಮ್ಮಟದ ಸದ್ದಿಗೆ ಕಿವಿಗೊಟ್ಟಳು. ಸದ್ದೇ ಇಲ್ಲ. ನಮಾಜು ಮುಗಿಯಿತು. ಗುಮ್ಮಟ ನಿಂತೇ ಇತ್ತು.

ಒದ್ದೆ ಜಮಖಾನೆ ಕೊಡವುತ್ತಿದ್ದವರು ಅವಳತ್ತ ನೋಡಿ ಮುಖ ತಿರುಗಿಸಿದರು. ಜ್ವರ ಬಂದರೆ ಎಂಜಿನಿಯರಮ್ಮನ ಮನೆಗೇ ಹೋಗೋಣ ಎಂದು ಒಬ್ಬ ಅವಳಿಗೆ ಕೇಳುವಂತೆಯೇ ಅಂದ; ಸುತ್ತಲಿದ್ದವರು ನಕ್ಕರು. ಹೆಶ್ಮತ್ ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

"ನಿಜ ಹೇಳು. ಬಿದ್ದುಬಿಡ್ಲಿ ಅಂತ ಬೇಡ್ಕೊಂಡ್ಯಾ?"

ಫರಂಗೀಸ್‌ಗೆ ಗುಮ್ಮಟದ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.