ಅಮ್ಮ ಆಚೆ ನಿಂತಾಗ

ಬೇಯಿಸಿ ಅರೆದ ಕ್ಯಾರೆಟ್ಟಿನ ಏಳನೆಯ ಚಮಚವನ್ನೂ ಆರು ತಿಂಗಳ ಮಗಳು ನಾಲಿಗೆಯಿಂದ ಹೊರಗೆ ನೂಕಿ, ತಾಯಿಯ ರವಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೆಳಗಾದರೆ ತಾಯಿ ಕಂಡಕ್ಟರ್ ಕೆಲಸಕ್ಕೆ ಮರಳಬೇಕು. ದಿನಕ್ಕೆ ಎಂಟು ತಾಸು ಬಸ್ಸಿನಲ್ಲೇ. ಅಷ್ಟು ಹೊತ್ತು ಇದು ಉಪವಾಸ ಬಿದ್ದರೆ ಗತಿಯೇನು?

"ಬಾವಿ ಎದುರಿಗಿದ್ದಾಗ ಚೊಂಬಿನ ನೀರು ಯಾರಿಗೆ ಬೇಕು ಹೇಳು?" ಎಂದು ಅತ್ತೆ ನಗುತ್ತ ಮಗುವನ್ನೂ ಬಟ್ಟಲನ್ನೂ ಇಸಿದುಕೊಂಡರು. "ನಿನ್ನ ಮೈಯೆಲ್ಲ ಹಾಲಿನ ವಾಸನೆ ಕಣೇ. ಸ್ವಲ್ಪ ಆಚೆ ನಡಿ, ಬಾಗಿಲು ಎಳ್ಕೋ."

ಸೂರು ಹಾರಿಹೋಗುವಂತೆ ಮಗಳು ಅತ್ತಳು. ಆ ಅಳುವಿಗೆ ಬಾಗಿಲಾಚೆ ನಿಂತವಳ ಎದೆಯಲ್ಲಿ ಹಾಲು ಇಳಿದು ರವಿಕೆ ಒದ್ದೆಯಾಯಿತು. ಆಮೇಲೆ ಅಳು ಬಿಕ್ಕಳಿಕೆಗೆ ಇಳಿಯಿತು. ಅದೂ ನಿಂತು, ಬಟ್ಟಲಿಗೆ ಚಮಚ ತಾಗುವ ಸದ್ದು ಒಂದೇ ಸಮನೆ ಕೇಳತೊಡಗಿತು.

"ಹೇಗೆ ಬಾಯಿ ಬಿಡ್ತಾಳೆ ನೋಡು, ನನ್ನ ಕಳ್ಳಿ! ಇನ್ನು ಚಿಂತೆ ಬಿಡು, ನೀನು ಕೆಲಸದಿಂದ ಯಾವಾಗ ಬಂದ್ರೂ ನಡೆಯುತ್ತೆ."

ವಾರದಿಂದ ಅವಳು ಬೇಡಿಕೊಂಡಿದ್ದು ಇದನ್ನೇ. ಆದರೂ ಕೈ ತಾನಾಗಿ ಚಿಲಕಕ್ಕೆ ಹೋಯಿತು; ಅದು ಸದ್ದು ಮಾಡಿತು.

"ಅಯ್ಯೋ, ಬರಬೇಡ ಕಣೇ! ನಿನ್ನ ಮುಖ ಕಂಡ್ರೆ ಮತ್ತೆ ಬಾಯಿ ಮುಚ್ಚಿಬಿಡ್ತಾಳೆ."

ಅವಳು ಕೈ ಹಿಂತೆಗೆದುಕೊಂಡಳು. ಹಾಲು ನಿಲ್ಲಲೆಂದು ಎರಡೂ ತೋಳುಗಳಿಂದ ಎದೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.